ಸಾರ್ವಜನಿಕರ ದೂರಿನ ಮೇಲೆ ಬಂದ ಸಂಚಾರ ಚಲನ್ ಪ್ರಶ್ನಿಸುವುದು ಹೇಗೆ: ಕೊಡಗಿನ ವಾಹನ ಮಾಲೀಕರಿಗೆ ಸಮಗ್ರ ಮಾರ್ಗದರ್ಶಿ

ಸುಂಟಿಕೊಪ್ಪದಿಂದ ಕುಶಾಲನಗರದ ಕಡೆಗೆ ಹೋಗುವಾಗ ಯಾವ ಪೊಲೀಸರೂ ವಾಹನವನ್ನು ತಡೆದಿರುವುದಿಲ್ಲ, ರಸ್ತೆಬದಿಯಲ್ಲಿ ಕ್ಯಾಮೆರಾ ಕಂಬವೂ ಇರುವುದಿಲ್ಲ. ಆದರೂ ಕೆಲವು ದಿನಗಳ ನಂತರ ಕೆಎ-12 ನೋಂದಣಿಯ ವಾಹನದ ಮಾಲೀಕರಿಗೆ ದಂಡದ ನೋಟಿಸ್ ಬರುತ್ತದೆ. ಹಿಂದೆ ಬರುತ್ತಿದ್ದ ಕಾರಿನವರೋ, ಎದುರಿನಿಂದ ಬಂದ ಸ್ಕೂಟರಿನವರೋ ಠಾಣೆಗೆ ಲಿಖಿತ ದೂರು ಕೊಟ್ಟಿರುತ್ತಾರೆ ಅಥವಾ ಫೋನಿನಲ್ಲಿ ತೆಗೆದ ದೃಶ್ಯವನ್ನು ಕಳುಹಿಸಿರುತ್ತಾರೆ. ಬೆಂಗಳೂರಿನ ಸಂಚಾರ ಪೊಲೀಸರು 2015ರಲ್ಲಿಯೇ ‘ಪಬ್ಲಿಕ್ ಐ’ ಎಂಬ ಆ್ಯಪ್ ಮೂಲಕ ಇಂಥ ದೂರುಗಳಿಗೆ ದಾರಿ ಮಾಡಿಕೊಟ್ಟಿದ್ದರಿಂದ, ಅಲ್ಲಿಗೆ ಹೋಗಿಬಂದ ಕೊಡಗಿನ ವಾಹನಗಳಿಗೂ ಈ ಬಗೆಯ ನೋಟಿಸುಗಳು ಬರುತ್ತವೆ.

ಇಂಥ ನೋಟಿಸ್ ಕೈಗೆ ಬಂದಾಗ ಮೊದಲು ಮನಸ್ಸಿನಲ್ಲಿರಬೇಕಾದ ವಿಷಯವೆಂದರೆ, ಸಾರ್ವಜನಿಕರೊಬ್ಬರ ದೂರು ತನಿಖೆಗೆ ಸಾಕಾಗುವ ಆರಂಭವೇ ಹೊರತು ಶಿಕ್ಷೆಗೆ ಸಾಕಾಗುವ ಪುರಾವೆಯಲ್ಲ. ಆ ವ್ಯಕ್ತಿ ಏನನ್ನು ಕಣ್ಣಾರೆ ಕಂಡರು, ಎಲ್ಲಿ ನಿಂತು ಕಂಡರು, ಅದನ್ನು ನ್ಯಾಯಾಲಯದ ಮುಂದೆ ಕಾನೂನು ಹೇಳಿದ ರೀತಿಯಲ್ಲಿ ತಂದಿದ್ದಾರೆಯೇ ಎಂಬ ಪ್ರಶ್ನೆಗಳ ಮೇಲೆಯೇ ಇಡೀ ಪ್ರಕರಣ ನಿಲ್ಲುತ್ತದೆ. ಯಾರಿಗಾದರೂ ಗಾಯವಾದ ಅಪಘಾತದ ಪ್ರಕರಣಗಳಿಗೆ ಈ ಮಾರ್ಗದರ್ಶಿ ಅನ್ವಯಿಸುವುದಿಲ್ಲ; ಅಲ್ಲಿ ಭಾರತೀಯ ನ್ಯಾಯ ಸಂಹಿತೆಯ ಕಲಮುಗಳು ಸೇರುವುದರಿಂದ ಮೊದಲ ದಿನವೇ ವಕೀಲರನ್ನು ಕಾಣಬೇಕು.

ಮೊದಲು ನೋಟಿಸ್ ನಿಜವೇ ಎಂದು ನೋಡಿ

ಇ-ಚಲನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಕಡತವನ್ನು ಒತ್ತಿ ಹಣ ಕಳೆದುಕೊಂಡವರು ಅನೇಕರಿದ್ದಾರೆ. ಆದ್ದರಿಂದ ಸಂದೇಶದಲ್ಲಿರುವ ಕೊಂಡಿಯನ್ನಾಗಲಿ, ಎಪಿಕೆ (ಫೋನಿನಲ್ಲಿ ಆ್ಯಪ್ ಸ್ಥಾಪಿಸುವ) ಕಡತವನ್ನಾಗಲಿ ತೆರೆಯದೆ, ನೀವೇ ಸರ್ಕಾರದ ಪರಿವಾಹನ್ ಇ-ಚಲನ್ ಜಾಲತಾಣಕ್ಕೆ ಹೋಗಿ ವಾಹನದ ಸಂಖ್ಯೆಯಿಂದ ಹುಡುಕಿ ನೋಡಬೇಕು, ಇಲ್ಲವೇ ನೋಟಿಸ್ ನೀಡಿದ ಠಾಣೆಯಲ್ಲಿ ವಿಚಾರಿಸಬೇಕು.

ನೋಟಿಸ್ ನಿಜವೆಂದಾದರೆ, ಅದು ಬಂದ ಲಕೋಟೆಯನ್ನು ಎಸೆಯಬೇಡಿ. ಅಂಚೆ ಮೊಹರಿನ ದಿನಾಂಕ ಮುಂದೆ ನಿಮ್ಮ ಬಲವಾದ ದಾಖಲೆಯಾಗಬಹುದು. ಸಂದೇಶವಾಗಿ ಬಂದಿದ್ದರೆ ದಿನಾಂಕ ಮತ್ತು ವೇಳೆ ಕಾಣುವಂತೆ ಅದರ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಉತ್ತರ ಕೊಡಲು ಇರುವ ಗಡುವು ಮತ್ತು ಯಾರಿಗೆ ಉತ್ತರಿಸಬೇಕು ಎಂಬುದು ನೋಟಿಸಿನಲ್ಲಿಯೇ ಇರುತ್ತದೆ. ಚಲನ್‌ಗೆ ಸಂಬಂಧಿಸಿದ ಕೇಂದ್ರ ಮೋಟಾರು ವಾಹನ ನಿಯಮ 167 ಆಗಾಗ ತಿದ್ದುಪಡಿಯಾಗಿರುವುದರಿಂದ, ನೆರೆಯವರು ಹಿಂದೆಂದೋ ಅನುಸರಿಸಿದ ಲೆಕ್ಕವನ್ನು ನಂಬದೆ ನಿಮ್ಮ ಕೈಯಲ್ಲಿರುವ ಕಾಗದದ ಗಡುವನ್ನೇ ಪಾಲಿಸಬೇಕು.

ದಂಡ ಕಟ್ಟುವ ಅವಸರವೂ ಬೇಡ. ಕರ್ನಾಟಕ ಸರ್ಕಾರ 2023ರಲ್ಲಿಯೂ 2025ರಲ್ಲಿಯೂ ಬಾಕಿ ದಂಡಕ್ಕೆ ಶೇ 50ರಷ್ಟು ರಿಯಾಯಿತಿ ಕೊಟ್ಟಾಗ ಜನರು ಸಾಲುಗಟ್ಟಿ ಕಟ್ಟಿದರು. ರಿಯಾಯಿತಿ ಆಕರ್ಷಕವೇ, ಆದರೆ ಒಮ್ಮೆ ರಾಜಿ ದಂಡ (ಕೋರ್ಟಿಗೆ ಹೋಗದೆ ಪ್ರಕರಣ ಮುಗಿಸಲು ಕಟ್ಟುವ ಹಣ) ಕಟ್ಟಿದ ಮೇಲೆ ಪ್ರಕರಣ ಮುಗಿಯುತ್ತದೆ, ಅದನ್ನು ಪ್ರಶ್ನಿಸುವ ಅವಕಾಶವೂ ಅಲ್ಲಿಗೆ ಮುಗಿಯುತ್ತದೆ.

ಯಾವ ಕಲಮು ಎಂಬುದರ ಮೇಲೆ ದಾರಿ ನಿರ್ಧಾರವಾಗುತ್ತದೆ

ನೋಟಿಸಿನಲ್ಲಿ ಮೊತ್ತಕ್ಕಿಂತ ಮೊದಲು ಓದಬೇಕಾದದ್ದು ಕಲಮಿನ ಸಂಖ್ಯೆಯನ್ನು. ಮೋಟಾರು ವಾಹನ ಕಾಯ್ದೆ 1988ರ 177ನೇ ಕಲಮು ಸಾಮಾನ್ಯ ಉಲ್ಲಂಘನೆಗಳದ್ದು; ಕೇಂದ್ರ ಕಾಯ್ದೆಯಲ್ಲಿ ಮೊದಲ ಬಾರಿಗೆ 500 ರೂಪಾಯಿಯವರೆಗೆ, ನಂತರ 1,500 ರೂಪಾಯಿಯವರೆಗೆ ದಂಡವಿದೆ. 183ನೆಯದು ಅತಿವೇಗದ್ದು. 184ನೆಯದು ಅಪಾಯಕಾರಿ ಚಾಲನೆಯದು, ಮತ್ತು ಇದೇ ಗಂಭೀರವಾದದ್ದು: ಮೊದಲ ಅಪರಾಧಕ್ಕೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಒಂದು ವರ್ಷದವರೆಗಿನ ಸಜೆ, ಅಥವಾ 1,000ದಿಂದ 5,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. 2019ರ ತಿದ್ದುಪಡಿಯ ನಂತರ ಕೆಂಪು ದೀಪ ದಾಟುವುದು, ಚಾಲನೆ ಮಾಡುತ್ತಾ ಕೈಯಲ್ಲಿ ಫೋನ್ ಹಿಡಿಯುವುದು, ಕಾನೂನಿಗೆ ವಿರುದ್ಧವಾಗಿ ಹಿಂದಿಕ್ಕುವುದು, ಏಕಮುಖ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವುದು ಮುಂತಾದವು, ಅಪಾಯ ಉಂಟುಮಾಡುವ ರೀತಿಯಲ್ಲಿ ನಡೆದಾಗ, 184ರೊಳಗೆ ಬರುತ್ತವೆ. ಸಾರ್ವಜನಿಕರು ಹೆಚ್ಚಾಗಿ ದೂರು ಕೊಡುವುದೂ ಇವುಗಳ ಬಗ್ಗೆಯೇ.

177ರ ಅಡಿಯಲ್ಲಿ ಕೆಲವು ನೂರು ರೂಪಾಯಿಗಳ ದಂಡವಿದ್ದು, ತಪ್ಪು ನಿಜವಾಗಿಯೂ ನಡೆದಿದ್ದರೆ, ಕಟ್ಟಿಬಿಡುವುದೇ ವಿವೇಕ ಎಂಬುದು ನನ್ನ ಅಭಿಪ್ರಾಯ. ವಕೀಲರ ಶುಲ್ಕ, ಕೆಲಸ ಬಿಟ್ಟು ಕೋರ್ಟಿಗೆ ಅಲೆಯುವ ದಿನಗಳು ಇವುಗಳ ಮುಂದೆ ಆ ಮೊತ್ತ ಸಣ್ಣದು. ಆದರೆ 183 ಮತ್ತು 184ರ ಮಾತು ಬೇರೆ. ಈ ಕಲಮುಗಳಲ್ಲಿ ಪೊಲೀಸರು ಚಾಲನಾ ಪರವಾನಗಿಯನ್ನು ವಶಕ್ಕೆ ಪಡೆದು ಅಮಾನತಿಗಾಗಿ ಪ್ರಾದೇಶಿಕ ಸಾರಿಗೆ ಕಚೇರಿಗೆ ಕಳುಹಿಸಲು ಕಾಯ್ದೆಯ 206ನೇ ಕಲಮು ಅವಕಾಶ ಕೊಡುತ್ತದೆ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪಿನವರಿಗೆ, ಶಾಲಾ ವ್ಯಾನಿನವರಿಗೆ, ಟ್ಯಾಕ್ಸಿ ಓಡಿಸುವವರಿಗೆ ಪರವಾನಗಿಯೇ ಅನ್ನ. ಅವರು ಆರೋಪ ಸುಳ್ಳೆಂದಾದರೆ ದಂಡದ ಮೊತ್ತವನ್ನು ನೋಡದೆ ಪ್ರಕರಣವನ್ನು ಎದುರಿಸುವುದೇ ಸರಿ.

ವಾಹನವನ್ನು ಆ ದಿನ ನೀವು ಓಡಿಸಿರದಿದ್ದರೆ, 133ನೇ ಕಲಮಿನ ಪ್ರಕಾರ ಪೊಲೀಸರು ಕೇಳಿದಾಗ ಚಾಲಕರ ಹೆಸರು, ವಿಳಾಸ, ಪರವಾನಗಿಯ ವಿವರ ಕೊಡುವುದು ಮಾಲೀಕರ ಕರ್ತವ್ಯ. ಮಗನನ್ನೋ ತೋಟದ ಚಾಲಕನನ್ನೋ ಉಳಿಸಲು ಬೇರೊಬ್ಬರ ಹೆಸರು ಹೇಳಿದರೆ ಸಣ್ಣ ಪ್ರಕರಣ ದೊಡ್ಡದಾಗುತ್ತದೆ.

ಹದಿನಾಲ್ಕು ದಿನಗಳ ಲೆಕ್ಕ

ಹೆಚ್ಚಿನವರಿಗೆ ಗೊತ್ತಿಲ್ಲದ, ಆದರೆ ಈ ಬಗೆಯ ಪ್ರಕರಣಗಳಲ್ಲಿ ಬಹಳ ಉಪಯುಕ್ತವಾದ ಕಲಮು ಕಾಯ್ದೆಯ 209ನೆಯದು. 183 ಅಥವಾ 184ರ ಅಡಿ ಶಿಕ್ಷೆ ವಿಧಿಸಬೇಕಾದರೆ ಮೂರರಲ್ಲಿ ಒಂದಾದರೂ ನಡೆದಿರಬೇಕು: ಅಪರಾಧ ನಡೆದ ಸಮಯದಲ್ಲಿಯೇ ಮೊಕದ್ದಮೆ ಹೂಡುವ ಬಗ್ಗೆ ಚಾಲಕನಿಗೆ ಎಚ್ಚರಿಕೆ ನೀಡಿರಬೇಕು, ಅಥವಾ ಅಪರಾಧ ನಡೆದ 14 ದಿನಗಳೊಳಗೆ ಅದರ ಸ್ವರೂಪ, ವೇಳೆ ಮತ್ತು ಸ್ಥಳವನ್ನು ತಿಳಿಸುವ ನೋಟಿಸನ್ನು ಚಾಲಕನಿಗೆ ಅಥವಾ ನೋಂದಾಯಿತ ಮಾಲೀಕನಿಗೆ ಜಾರಿ ಮಾಡಿರಬೇಕು ಇಲ್ಲವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿರಬೇಕು, ಅಥವಾ 28 ದಿನಗಳೊಳಗೆ ಸಮನ್ಸ್ ಜಾರಿಯಾಗಿರಬೇಕು. ಸಾರ್ವಜನಿಕರ ದೂರಿನಲ್ಲಿ ಪೊಲೀಸರು ಸ್ಥಳದಲ್ಲಿ ಇರುವುದಿಲ್ಲವಾದ್ದರಿಂದ ಮೊದಲನೆಯದು ನಡೆದಿರುವ ಸಂಭವ ಕಡಿಮೆ. ದೂರುದಾರರು ವಾರಗಟ್ಟಲೆ ತಡವಾಗಿ ದೂರು ಕೊಟ್ಟು, ಠಾಣೆಯಲ್ಲಿ ಇನ್ನಷ್ಟು ದಿನ ಕಳೆದಿದ್ದರೆ ಉಳಿದೆರಡೂ ತಪ್ಪಿಹೋಗಿರಬಹುದು. ಲಕೋಟೆಯನ್ನು ಇಟ್ಟುಕೊಳ್ಳಿ ಎಂದದ್ದು ಇದಕ್ಕಾಗಿಯೇ.

ಇದಕ್ಕೊಂದು ವಿನಾಯಿತಿಯೂ ಇದೆ. ಯುಕ್ತ ಪ್ರಯತ್ನ ಮಾಡಿದರೂ ಹೆಸರು, ವಿಳಾಸ ಸಕಾಲದಲ್ಲಿ ಸಿಗಲಿಲ್ಲವೆಂದೋ, ಆರೋಪಿಯ ನಡತೆಯಿಂದಲೇ ನೋಟಿಸ್ ತಲುಪಲಿಲ್ಲವೆಂದೋ ನ್ಯಾಯಾಲಯಕ್ಕೆ ಮನವರಿಕೆಯಾದರೆ ಈ ರಕ್ಷಣೆ ದೊರೆಯುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ, ವಾಹನವನ್ನು ಊರಿನ ಹಳೆಯ ವಿಳಾಸದಲ್ಲಿಯೇ ಇಟ್ಟುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಮನೆ ಬದಲಾಯಿಸಿದರೆ 30 ದಿನಗಳೊಳಗೆ ಆರ್‌ಸಿಯಲ್ಲಿ ವಿಳಾಸ ಬದಲಿಸಿಕೊಳ್ಳಬೇಕೆಂದು ಕಾಯ್ದೆಯೇ ಹೇಳುವುದರಿಂದ, ಅಂಥವರು ‘ನೋಟಿಸ್ ತಲುಪಲಿಲ್ಲ’ ಎಂದು ವಾದಿಸುವುದು ಕಷ್ಟ. ನೋಟಿಸಿನಲ್ಲಿ 177 ಮಾತ್ರ ಇದ್ದರೆ 209 ಅನ್ವಯವೇ ಆಗುವುದಿಲ್ಲ. ಆಗ ನೋಡಬೇಕಾದದ್ದು ಕಾಲಮಿತಿಯನ್ನು: ದಂಡ ಮಾತ್ರ ವಿಧಿಸಬಹುದಾದ ಅಪರಾಧಗಳಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಮಿನಂತೆ ಆರು ತಿಂಗಳು.

ಅತಿವೇಗದ ಆರೋಪವಾದರೆ

183ರ ಮೂರನೇ ಉಪಕಲಮನ್ನು ದೂರು ಕೊಡುವವರೂ, ದೂರಿಗೆ ಒಳಗಾದವರೂ ಓದಿಕೊಳ್ಳಬೇಕು. ಚಾಲಕನು ಮಿತಿಮೀರಿದ ವೇಗದಲ್ಲಿದ್ದನೆಂಬ ಒಬ್ಬನೇ ಸಾಕ್ಷಿಯ ಅಭಿಪ್ರಾಯದ ಮೇಲೆ ಮಾತ್ರ ಯಾರಿಗೂ ಶಿಕ್ಷೆ ವಿಧಿಸುವಂತಿಲ್ಲ. ಆ ಅಭಿಪ್ರಾಯವು ಯಾಂತ್ರಿಕ ಅಥವಾ ವಿದ್ಯುನ್ಮಾನ ಸಾಧನದ ಅಂದಾಜನ್ನು ಆಧರಿಸಿದೆಯೆಂದು ತೋರಿಸಬೇಕಾಗುತ್ತದೆ. ಎಂದರೆ, ‘ಜೀಪು ಎಂಬತ್ತರ ಮೇಲೆ ಹೋಗುತ್ತಿತ್ತು’ ಎಂಬ ಹೇಳಿಕೆ, ಹೇಳಿದವರು ಎಷ್ಟೇ ಗೌರವಾನ್ವಿತರಾಗಿದ್ದರೂ, ಒಂಟಿಯಾಗಿ ನಿಲ್ಲುವುದಿಲ್ಲ. ತಮ್ಮ ಕಾರಿನ ಮೀಟರಿನಲ್ಲಿ ನೋಡಿದೆನೆಂದು ಅವರು ಹೇಳಿದರೆ, ಎಷ್ಟು ದೂರ ಒಂದೇ ಅಂತರದಲ್ಲಿ ಹಿಂಬಾಲಿಸಿದರು ಎಂಬ ಪ್ರಶ್ನೆ ಏಳುತ್ತದೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಅಂಥ ಹಿಂಬಾಲಿಕೆ ಸುಲಭವಲ್ಲ.

ಉಳಿದ ಅಪರಾಧಗಳಿಗೆ ಈ ರಕ್ಷಣೆಯಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿದಿರಬೇಕು. ಒಂದು ಸಂಗತಿಯನ್ನು ರುಜುವಾತುಪಡಿಸಲು ಇಂತಿಷ್ಟೇ ಸಾಕ್ಷಿಗಳು ಬೇಕೆಂಬ ನಿಯಮವಿಲ್ಲವೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 139ನೇ ಕಲಮು ಹೇಳುತ್ತದೆ. ಆದ್ದರಿಂದ ‘ಒಬ್ಬರೇ ನೋಡಿದ್ದಾರೆ, ಕೇಸು ನಿಲ್ಲದು’ ಎಂಬ ಹೋಟೆಲಿನ ಬೆಂಚಿನ ಕಾನೂನನ್ನು ನಂಬಬೇಡಿ. ನಂಬಿಕೆಗೆ ಅರ್ಹರಾದ ಒಬ್ಬರ ಮಾತು ಸಾಕು. ಅವರು ನಂಬಿಕೆಗೆ ಅರ್ಹರೇ ಎಂಬುದೇ ನಿಮ್ಮ ಪ್ರಶ್ನೆಯಾಗಬೇಕು.

ಸ್ಥಳಕ್ಕೆ ಹೋಗಿ, ತಡ ಮಾಡದೆ

ನೋಟಿಸ್ ಬಂದ ವಾರದಲ್ಲಿಯೇ ಸ್ಥಳಕ್ಕೆ ಹೋಗಬೇಕು. ಮಳೆಗಾಲದಲ್ಲಿ ರಸ್ತೆಯಂಚಿನ ಲಂಟಾನ ಒಂದು ತಿಂಗಳಲ್ಲಿ ಇಡೀ ತಿರುವನ್ನು ಮುಚ್ಚಿಬಿಡುತ್ತದೆ, ಬೇಸಿಗೆಯಲ್ಲಿ ಅದನ್ನು ಕಡಿದುಹಾಕುತ್ತಾರೆ, ಅಳಿಸಿಹೋಗಿದ್ದ ಗೆರೆಗೆ ಹೊಸ ಬಣ್ಣ ಬೀಳುತ್ತದೆ. ದೂರುದಾರರು ನಿಂತಿದ್ದರೆಂದು ಹೇಳುವ ಜಾಗದಿಂದ, ಅವರ ಕಣ್ಣಿನ ಎತ್ತರದಿಂದ, ನಿಮ್ಮ ವಾಹನವಿದ್ದ ಜಾಗದ ಕಡೆಗೆ ಚಿತ್ರ ತೆಗೆಯಿರಿ. ಸಾಧ್ಯವಾದರೆ ಅದೇ ಹೊತ್ತಿಗೆ ಹೋಗಬೇಕು. ಮಡಿಕೇರಿಯ ಸಂಜೆ ಐದರ ಬೆಳಕಿಗೂ ಮಧ್ಯಾಹ್ನದ ಬೆಳಕಿಗೂ ಹೋಲಿಕೆಯಿಲ್ಲ. ಸೂಚನಾ ಫಲಕ ಇದೆಯೇ, ಕೊಂಬೆ ಅದನ್ನು ಮರೆಮಾಡಿದೆಯೇ, ರಸ್ತೆಯ ಮಧ್ಯದ ಗೆರೆ ತುಂಡು ತುಂಡಾಗಿದೆಯೇ ಅಖಂಡವಾಗಿದೆಯೇ ಎಂಬುದನ್ನು ಬೇರೆ ಬೇರೆ ಚಿತ್ರಗಳಲ್ಲಿ ದಾಖಲಿಸಬೇಕು.

ಮಂಜು ಮತ್ತು ಮಳೆಯ ವಾದವನ್ನು ಎಚ್ಚರದಿಂದ ಬಳಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹತ್ತು ಮಾರು ದೂರದ ನಂಬರ್ ಪ್ಲೇಟು ಕಾಣದ ದಿನಗಳಿರುತ್ತವೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ನ್ಯಾಯಾಲಯಕ್ಕೆ ಆ ದಿನದ ದಾಖಲೆ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿಅಂಶವಿದೆ. ಕೊಡಗಿನ ಅನೇಕ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಇಂಚಿನ ಲೆಕ್ಕದಲ್ಲಿ ಬರೆದಿಡುವ ಪುಸ್ತಕವೂ ಇರುತ್ತದೆ. ಆದರೆ ತೋಟದ ಪುಸ್ತಕ ಇಡೀ ದಿನದ ಮಳೆಯನ್ನು ಹೇಳುತ್ತದೆಯೇ ಹೊರತು ಸಂಜೆ ನಾಲ್ಕೂಕಾಲಕ್ಕೆ ಮಳೆಯಿತ್ತೇ ಎಂದು ಹೇಳುವುದಿಲ್ಲ. ಇನ್ನೂ ಒಂದು ತೊಡಕಿದೆ: ಅಷ್ಟು ಮಂಜಿನಲ್ಲಿ ನೀವೇಕೆ ಹಿಂದಿಕ್ಕಿದಿರಿ ಎಂದು ಸರ್ಕಾರಿ ಅಭಿಯೋಜಕರು ತಿರುಗಿ ಕೇಳಬಹುದು. ‘ಆ ವಾಹನ ನನ್ನದಲ್ಲ’ ಎಂಬುದು ನಿಮ್ಮ ವಾದವಾಗಿದ್ದರೆ ಮಾತ್ರ ಮಂಜು ನಿಮ್ಮ ಕಡೆಗೆ ನಿಲ್ಲುತ್ತದೆ.

ತಿತಿಮತಿ, ಸಿದ್ದಾಪುರದ ಕಡೆ ಕಾಡಾನೆ ರಸ್ತೆಗೆ ಬಂದಿದ್ದರಿಂದಲೋ, ಬರೆ ಜರಿದು ಮಣ್ಣು ಬಿದ್ದಿದ್ದರಿಂದಲೋ ಬಲಗಡೆಗೆ ಹೋಗಬೇಕಾಗಿ ಬಂದಿದ್ದರೆ, ಅದನ್ನು ಕಂಡ ಇನ್ನೊಬ್ಬರ ಹೆಸರನ್ನು ಆಗಲೇ ಬರೆದಿಟ್ಟುಕೊಳ್ಳಿ. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಏರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು ಚಾಲನಾ ನಿಯಮವಾದ್ದರಿಂದ, ನೀವು ಏರುತ್ತಿದ್ದಿರೋ ಇಳಿಯುತ್ತಿದ್ದಿರೋ ಎಂಬುದೂ ಮುಖ್ಯವಾಗಬಹುದು.

ಫೋನಿನ ದೃಶ್ಯ ಎಷ್ಟರಮಟ್ಟಿಗೆ ಪುರಾವೆ

ಕೇಂದ್ರ ಮೋಟಾರು ವಾಹನ ನಿಯಮ 167ಎ, 2021ರಲ್ಲಿ ಬಂದದ್ದು, ವಿದ್ಯುನ್ಮಾನ ಜಾರಿ ಸಾಧನಗಳನ್ನು ಕುರಿತದ್ದು. ಅಂಥ ಸಾಧನಕ್ಕೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದ ಪ್ರಮಾಣಪತ್ರವಿರಬೇಕು, ಅದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ದಾರಿಹೋಕರ ಫೋನಿಗೆ ಅಂಥ ಪ್ರಮಾಣಪತ್ರ ಇರುವುದಿಲ್ಲ. ಹಾಗೆಂದು ಆ ದೃಶ್ಯ ಕಸವಾಗುವುದಿಲ್ಲ. ಅದು ಸಾಮಾನ್ಯ ವಿದ್ಯುನ್ಮಾನ ಸಾಕ್ಷ್ಯವಾಗಿ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ದಾರಿಯಲ್ಲಿ ಬರಬೇಕಾಗುತ್ತದೆ. 63ರ ನಾಲ್ಕನೇ ಉಪಕಲಮು ಕೇಳುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು (ಕಡತ ಬದಲಾದರೆ ತಾನೂ ಬದಲಾಗುವ, ಬೆರಳಚ್ಚಿನಂಥ ಸಂಕೇತವನ್ನು) ನಮೂದಿಸಬೇಕು, ಅದರ ಒಂದು ಭಾಗಕ್ಕೆ ದೃಶ್ಯ ಕೊಟ್ಟವರೂ ಇನ್ನೊಂದು ಭಾಗಕ್ಕೆ ತಜ್ಞರೂ ಸಹಿ ಹಾಕಬೇಕು. ಮೂಲ ಸಾಧನವನ್ನೇ ಹಾಜರುಪಡಿಸದೆ ಪ್ರತಿಯನ್ನು ಕೊಟ್ಟಾಗ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟು, ಹಿಂದಿನ ಸಾಕ್ಷ್ಯ ಕಾಯ್ದೆ ಜಾರಿಯಲ್ಲಿದ್ದಾಗಲೇ, 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿದೆ. ಇದೇ ನಿಯಮ ನೀವು ಸ್ಥಳದಲ್ಲಿ ತೆಗೆದ ಚಿತ್ರಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯದೆ, ಅವುಗಳ ಮೂಲ ಕಡತವನ್ನು ಫೋನಿನಲ್ಲಿಯೇ ಉಳಿಸಿಕೊಳ್ಳಬೇಕು.

ದೃಶ್ಯ ಸಿಕ್ಕಿದ ಮೇಲೆ ಅದನ್ನು ನಿಧಾನವಾಗಿ ನೋಡಿ. ವಾಟ್ಸ್‌ಆ್ಯಪ್ ಮೂಲಕ ಬಂದ ಕಡತ ಕುಗ್ಗಿರುತ್ತದೆ, ಮೂಲದ ಅನೇಕ ವಿವರಗಳನ್ನು ಕಳೆದುಕೊಂಡಿರುತ್ತದೆ. ಡ್ಯಾಶ್‌ಕ್ಯಾಮಿನ ಗಡಿಯಾರ ತಪ್ಪಾಗಿರಬಹುದು. ಅದರ ಅಗಲ ನೋಟದ ಮಸೂರದಲ್ಲಿ ಎರಡು ವಾಹನಗಳ ನಡುವಣ ಅಂತರ ಇದ್ದದ್ದಕ್ಕಿಂತ ಬೇರೆಯಾಗಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತುಣುಕು ಎಲ್ಲಿಂದ ಆರಂಭವಾಗುತ್ತದೆ? ನೀವು ಗೆರೆ ದಾಟಿದ ಕ್ಷಣದಿಂದ ಆರಂಭವಾಗುವ ತುಣುಕಿನಲ್ಲಿ ಅದಕ್ಕೆ ಮೊದಲು ರಸ್ತೆಯಲ್ಲಿ ಏನಿತ್ತೆಂಬುದು ಇರುವುದಿಲ್ಲ. ಕತ್ತರಿಸದ ಮೂಲ ಕಡತವನ್ನು ಲಿಖಿತವಾಗಿ ಕೇಳಬೇಕು.

ಠಾಣೆಗೆ ಬರೆಯುವ ಪತ್ರ

ಗಡುವಿನೊಳಗೆ, ನೋಟಿಸಿನಲ್ಲಿ ಹೇಳಿದ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಪಡೆಯಬೇಕು. ಪತ್ರ ಚಿಕ್ಕದಾಗಿರಲಿ: ‘ಮೇಲ್ಕಂಡ ನೋಟಿಸಿನಲ್ಲಿರುವ ಆರೋಪವನ್ನು ನಾನು ಒಪ್ಪುವುದಿಲ್ಲ. ದೂರಿನ ಪ್ರತಿ, ದೃಶ್ಯದ ಕತ್ತರಿಸದ ಮೂಲ ಕಡತ, ಅದಕ್ಕೆ ಸಂಬಂಧಿಸಿದ 63ನೇ ಕಲಮಿನ ಪ್ರಮಾಣಪತ್ರ ಮತ್ತು ದೂರು ಸ್ವೀಕರಿಸಿದ ದಿನಾಂಕವನ್ನು ದಯವಿಟ್ಟು ಒದಗಿಸಬೇಕು. ಪ್ರಕರಣವನ್ನು ಕೈಬಿಡದಿದ್ದಲ್ಲಿ ನ್ಯಾಯಾಲಯದಲ್ಲಿ ವಿಚಾರಣೆ ಕೋರುತ್ತೇನೆ.’ ಇದಕ್ಕಿಂತ ಹೆಚ್ಚು ಬರೆಯುವ ಚಪಲ ಬೇಡ. ‘ಸ್ವಲ್ಪ ಗೆರೆ ದಾಟಿರಬಹುದು, ಆದರೆ…’ ಎಂದು ಆರಂಭಿಸಿದ ವಾಕ್ಯವನ್ನೇ ನಿಮ್ಮ ವಿರುದ್ಧ ಓದುತ್ತಾರೆ. ನಂಬರ್ ಪ್ಲೇಟಿನ 3 ಮತ್ತು 8 ಅದಲುಬದಲಾದಂಥ ಸ್ಪಷ್ಟ ತಪ್ಪಿದ್ದರೆ, ಅಥವಾ ಆ ಹೊತ್ತಿಗೆ ವಾಹನ ವರ್ಕ್‌ಶಾಪಿನಲ್ಲಿತ್ತೆಂಬ ರಸೀದಿಯಿದ್ದರೆ, ಅದನ್ನು ಮಾತ್ರ ಲಗತ್ತಿಸಿ. ಇಂಥ ಪ್ರಕರಣಗಳು ಠಾಣೆಯ ಹಂತದಲ್ಲಿಯೇ ಮುಗಿಯುವ ಸಾಧ್ಯತೆ ಹೆಚ್ಚು.

ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಬಹುದು. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ದೂರುದಾರರ ಹೆಸರನ್ನು ಈ ದಾರಿಯಲ್ಲಿ ಕೊಡಲು ಅಧಿಕಾರಿ ನಿರಾಕರಿಸಬಹುದು, ಏಕೆಂದರೆ ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮು ಮಾಹಿತಿದಾರರ ಗುರುತಿಗೆ ರಕ್ಷಣೆ ಕೊಡುತ್ತದೆ. ದೂರು ದಾಖಲಾದ ದಿನಾಂಕ, ನೋಟಿಸ್ ರವಾನೆಯಾದ ದಿನಾಂಕ ಇವುಗಳನ್ನು ಕೇಳುವುದು ಹೆಚ್ಚು ಫಲಕಾರಿ.

ದೂರುದಾರರ ಮನೆಗೆ ಹೋಗಬೇಡಿ

ನಮ್ಮದು ಚಿಕ್ಕ ಜಿಲ್ಲೆ. ದೂರು ಕೊಟ್ಟವರು ಯಾರೆಂಬುದು ಸಂತೆಯ ದಿನ ಮುಗಿಯುವುದರೊಳಗೆ ತಿಳಿದುಬಿಡುತ್ತದೆ, ಅವರು ಒಂದೇ ಒಕ್ಕದವರೋ (ಮನೆತನದವರೋ) ಪಕ್ಕದ ತೋಟದವರೋ ಆಗಿರುವುದೂ ಉಂಟು. ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಮಾತನಾಡಿ ಮುಗಿಸೋಣವೆಂಬ ಯೋಚನೆ ಸಹಜವೆನಿಸಿದರೂ ಇಲ್ಲಿ ಅದು ಅಪಾಯಕರ. ಸಾಕ್ಷಿಯನ್ನು ಸುಳ್ಳು ಹೇಳುವಂತೆ ಬೆದರಿಸುವುದು ನ್ಯಾಯ ಸಂಹಿತೆಯ 232ನೇ ಕಲಮಿನಡಿ ಪ್ರತ್ಯೇಕ ಅಪರಾಧ. ಸೌಮ್ಯವಾಗಿ ಆಡಿದ ಮಾತು ಕೂಡ ನಾಳೆ ಬೆದರಿಕೆಯೆಂದು ದಾಖಲಾಗಬಹುದು. ನಿಮ್ಮಿಬ್ಬರ ನಡುವೆ ತೋಟದ ದಾರಿಯ ವ್ಯಾಜ್ಯವೋ ಗಡಿಯ ತಕರಾರೋ ಮೊದಲೇ ಇದ್ದರೆ, ಅದರ ದಾಖಲೆಗಳನ್ನು ವಕೀಲರ ಕೈಗೆ ಕೊಡಿ. ದೂರಿನ ಹಿಂದಿನ ಉದ್ದೇಶವನ್ನು ಪ್ರಶ್ನಿಸಬೇಕಾದ ಜಾಗ ಪಾಟೀ ಸವಾಲು, ಎಂದರೆ ನ್ಯಾಯಾಲಯದಲ್ಲಿ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಹಂತ.

ನ್ಯಾಯಾಲಯದಲ್ಲಿ

ಪ್ರಕರಣ ಚಲನ್‌ಗಳನ್ನು ಆನ್‌ಲೈನ್‌ನಲ್ಲಿಯೇ ನೋಡುವ ವರ್ಚುವಲ್ ಕೋರ್ಟಿಗೆ ಹೋಗಿದ್ದರೆ, ಅಲ್ಲಿ ದಂಡ ಕಟ್ಟುವ ಆಯ್ಕೆಯ ಜೊತೆಗೆ ಪ್ರಕರಣವನ್ನು ಎದುರಿಸುವ ಆಯ್ಕೆಯೂ ಇರುತ್ತದೆ. ಎರಡನೆಯದನ್ನು ಆರಿಸಿದರೆ ಅದು ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಕೊಡಗಿನೊಳಗಿನ ಘಟನೆಯಾದರೆ ಸ್ಥಳದ ವ್ಯಾಪ್ತಿಗೆ ತಕ್ಕಂತೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ ಅಥವಾ ಪೊನ್ನಂಪೇಟೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯ. ಘಟನೆ ಬೆಂಗಳೂರಿನದಾದರೆ ವಿಚಾರಣೆಯೂ ಅಲ್ಲಿಯೇ. ಸುಮಾರು 250 ಕಿಲೋಮೀಟರ್ ದೂರದ ಊರಿಗೆ ಪ್ರತಿ ವಾಯಿದೆಗೂ ಹೋಗುವುದು ಕಷ್ಟವಾದ್ದರಿಂದ, ಸುರಕ್ಷಾ ಸಂಹಿತೆಯ 228ನೇ ಕಲಮಿನಡಿ ವಕೀಲರ ಮೂಲಕ ಹಾಜರಾಗಲು ಅನುಮತಿ ಕೇಳಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಉಚಿತ ವಕೀಲರು ದೊರೆಯುತ್ತಾರೆ.

ಮೊದಲ ದಿನ ಆರೋಪದ ಸಾರಾಂಶವನ್ನು ಓದಿ ಹೇಳಿ, ತಪ್ಪೊಪ್ಪಿಕೊಳ್ಳುತ್ತೀರಾ ಎಂದು ಕೇಳುತ್ತಾರೆ. ಪೆಟ್ಟಿ ಕೇಸುಗಳ ಸಾಲು ಉದ್ದವಿರುವ ದಿನ, ಹಿಂದೆ ಮುಂದೆ ನಿಂತವರೆಲ್ಲ ಒಪ್ಪಿಕೊಂಡು ಹೋಗುತ್ತಿರುವಾಗ, ನೀವೂ ತಲೆಯಾಡಿಸಿಬಿಡುವ ಸಂಭವವಿದೆ. ‘ಒಪ್ಪುವುದಿಲ್ಲ, ವಿಚಾರಣೆ ಕೋರುತ್ತೇನೆ’ ಎಂದು ಸ್ಪಷ್ಟವಾಗಿ ಹೇಳಬೇಕು; ತಪ್ಪೊಪ್ಪಿಗೆಯ ಮೇಲಿನ ಶಿಕ್ಷೆಗೆ ಮೇಲ್ಮನವಿಯ ಹಾದಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಅಂದೇ ದಾಖಲೆಗಳ ಪ್ರತಿಗಳಿಗೆ ಅರ್ಜಿ ಕೊಡಿ.

ವಿಚಾರಣೆಯಲ್ಲಿ ಬರೀ ಪೊಲೀಸ್ ಅಧಿಕಾರಿ ಬಂದು ‘ದೂರುದಾರರು ಹೀಗೆ ಹೇಳಿದರು’ ಎಂದರೆ ಅದು ಕೇಳಿದ ಮಾತು. ಕಂಡ ಸಂಗತಿಯನ್ನು ಕಂಡವರೇ ಹೇಳಬೇಕೆಂದು ಸಾಕ್ಷ್ಯ ಅಧಿನಿಯಮದ 55ನೇ ಕಲಮು ವಿಧಿಸುತ್ತದೆ. ದೂರುದಾರರು ಮೊದಲ ವಾಯಿದೆಗೆ ಬಾರದಿದ್ದ ಮಾತ್ರಕ್ಕೆ ಪ್ರಕರಣ ಬಿದ್ದುಹೋಗುವುದಿಲ್ಲ; ಅವರಿಗೆ ಸಮನ್ಸ್, ಅಗತ್ಯವಾದರೆ ವಾರಂಟ್ ಕಳುಹಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ಪಾಟೀ ಸವಾಲಿನಲ್ಲಿ ದೂರುದಾರರನ್ನು ಸುಳ್ಳುಗಾರರೆಂದು ಕರೆಯುವುದರಿಂದ ಏನೂ ಸಿಗದು. ರಸ್ತೆಯ ಅಶಿಸ್ತಿನಿಂದ ಬೇಸತ್ತು ದೂರು ಕೊಟ್ಟವರೇ ಹೆಚ್ಚು, ಅವರ ಬಗ್ಗೆ ನ್ಯಾಯಾಧೀಶರಿಗೆ ಸಹಾನುಭೂತಿ ಇರುವುದು ಸಹಜ. ಪ್ರಾಮಾಣಿಕರೂ ತಪ್ಪಾಗಿ ಕಾಣಬಹುದೆಂಬ ದಿಕ್ಕಿನಲ್ಲಿ ಪ್ರಶ್ನೆಗಳು ಹೋಗಬೇಕು. ನೀವು ಆಗ ವಾಹನ ಓಡಿಸುತ್ತಿದ್ದಿರಾ? ಹಾಗಾದರೆ ಫೋನ್ ಯಾರ ಕೈಯಲ್ಲಿತ್ತು? ವಾಹನ ಎಷ್ಟು ಹೊತ್ತು ನಿಮ್ಮ ಕಣ್ಣಿಗೆ ಕಾಣುತ್ತಿತ್ತು? ಸಂಖ್ಯೆಯನ್ನು ಅಲ್ಲಿಯೇ ಬರೆದುಕೊಂಡಿರಾ, ಮನೆಗೆ ಹೋಗಿ ನೆನಪಿನಿಂದ ಬರೆದಿರಾ? ಚಾಲಕರ ಮುಖ ನೋಡಿದಿರಾ? ಅದೇ ಬಣ್ಣದ, ಅದೇ ಮಾದರಿಯ ಬೇರೆ ವಾಹನ ಆ ರಸ್ತೆಯಲ್ಲಿ ಇರಲಿಲ್ಲವೇ? ಮೊದಲ ದೂರಿನಲ್ಲಿ ಇಲ್ಲದ ವಿವರವನ್ನು ಅವರು ಈಗ ಹೇಳುತ್ತಿದ್ದರೆ, ಆ ಲಿಖಿತ ದೂರನ್ನು ಅವರಿಗೇ ತೋರಿಸಿ ಪ್ರಶ್ನಿಸಲು ಅವಕಾಶವಿದೆ. ಮುಖ್ಯ ವಿಷಯದಲ್ಲಿ ಒಂದು ಒಳ್ಳೆಯ ಉತ್ತರ ದೊರೆತ ಕೂಡಲೇ ಮುಂದಿನ ಪ್ರಶ್ನೆಗೆ ಹೋಗಬೇಕು. ಅದನ್ನೇ ಮತ್ತೆ ಕೇಳಿದರೆ ಸಾಕ್ಷಿಗೆ ಸರಿಪಡಿಸಿಕೊಳ್ಳುವ ಅವಕಾಶ ಕೊಟ್ಟಂತೆ.

ನೀವು ಸಾಕ್ಷಿ ಹೇಳಲೇಬೇಕೆಂದಿಲ್ಲ. ಆರೋಪವನ್ನು ಸಂಶಯಾತೀತವಾಗಿ ರುಜುವಾತುಪಡಿಸುವ ಹೊಣೆ ಅಭಿಯೋಜನೆಯದು. ಕಟಕಟೆ ಏರಿದರೆ ನಿಮಗೂ ಪಾಟೀ ಸವಾಲು ಎದುರಾಗುತ್ತದೆ. ವಾಹನ ಬೇರೆಡೆ ಇತ್ತೆಂಬಂಥ, ನೀವೇ ಹೇಳಬೇಕಾದ ಸಂಗತಿ ಇದ್ದರೆ ಮಾತ್ರ ಅದು ಲಾಭಕರ.

ತೀರ್ಪಿನ ನಂತರ

ಖುಲಾಸೆಯಾದರೆ ತೀರ್ಪಿನ ದೃಢೀಕೃತ ಪ್ರತಿಗೆ ಅಂದೇ ಅರ್ಜಿ ಹಾಕಿ. ಅದನ್ನು ನೋಟಿಸ್ ಕೊಟ್ಟ ಠಾಣೆಗೂ, ಪರವಾನಗಿಯ ವಿಷಯ ಬಂದಿದ್ದರೆ ಮಡಿಕೇರಿಯ ಪ್ರಾದೇಶಿಕ ಸಾರಿಗೆ ಕಚೇರಿಗೂ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಕೆಲವು ವಾರಗಳ ನಂತರ ಪರಿವಾಹನ್ ಜಾಲತಾಣದಲ್ಲಿ ಆ ಚಲನ್ ಇನ್ನೂ ಬಾಕಿಯೆಂದು ಕಾಣುತ್ತಿದೆಯೇ ನೋಡಿ. ಕಾಣುತ್ತಿದ್ದರೆ ತೀರ್ಪಿನ ಪ್ರತಿಯೊಂದಿಗೆ ಮತ್ತೊಮ್ಮೆ ಬರೆಯಬೇಕು, ಇಲ್ಲವಾದರೆ ವಾಹನ ಮಾರುವಾಗಲೋ ಎಫ್‌ಸಿ (ವಾಹನದ ಅರ್ಹತಾ ಪ್ರಮಾಣಪತ್ರ) ಮಾಡಿಸುವಾಗಲೋ ಅದೇ ಬಾಕಿ ಅಡ್ಡ ಬರುತ್ತದೆ. ಶಿಕ್ಷೆಯಾದರೆ ದಂಡ ಕಟ್ಟಿದ ರಸೀದಿಯನ್ನು ಕಡತದಲ್ಲಿಟ್ಟು, ಮೇಲ್ಮನವಿಗೋ ಪುನರ್ವಿಮರ್ಶೆಗೋ ಅವಕಾಶವಿದೆಯೇ ಎಂಬುದನ್ನು ವಕೀಲರೊಂದಿಗೆ ತಡಮಾಡದೆ ಚರ್ಚಿಸಬೇಕು, ಏಕೆಂದರೆ ಆ ದಿನಗಳ ಎಣಿಕೆ ತೀರ್ಪಿನ ದಿನದಿಂದಲೇ ಆರಂಭವಾಗುತ್ತದೆ.